ಬನ್ ಅಂಗಡಿ ಹುಡುಗನ ವಕಾಲತ್ತು

ಗುರುವಾರ ಸಂಜೆ ಬ್ರೋಕರ್ ಈಶ್ವರಯ್ಯ ಕೊಟ್ಟುಹೋದ ಬಟ್ಟೆಚೀಲವನ್ನು ಕೀರ್ತಿರಾಜ್ ಆಗಲೇ ಬಿಚ್ಚಿ ನೋಡಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಆದರೆ ಅವನು ಸರ್ಕಾರಿ ನೌಕರ. ಬಂದದ್ದನ್ನು ಬಂದ ದಿನವೇ ಬಿಚ್ಚಿ ನೋಡುವ ಅಭ್ಯಾಸ ಅವನಿಗೂ ಇರಲಿಲ್ಲ, ಅವನ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಚೀಲವನ್ನು ಟಿವಿ ಪಕ್ಕಕ್ಕೆ ಇಟ್ಟವನು ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಜ್ಞಾಪಿಸಿಕೊಂಡ. ಅವತ್ತೇ ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ ಹೆಣ್ಣು ನೋಡಲು ಹೋಗಬೇಕಿತ್ತು.

ಚೀಲದಲ್ಲಿ ಇದ್ದದ್ದು ಪುಸ್ತಕ. ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಕಾದಂಬರಿ ಒಂದು, ರಟ್ಟಿನ ಮೇಲೆ ರೆಕ್ಕೆ, ಕಿರೀಟ, ಕತ್ತಿ. ಮಿಕ್ಕವು ಸಣ್ಣ ಸಣ್ಣ ಚಿತ್ರದ ಪುಸ್ತಕಗಳು, ಜಪಾನಿನವು, ಇಂಗ್ಲಿಷಿಗೆ ಬಂದವು. ದೊಡ್ಡ ಕಣ್ಣಿನ ಹುಡುಗಿಯೊಬ್ಬಳ ಪ್ರೇಮದ ಕತೆ, ಒಂದೇ ಸರಣಿ, ಸಂಪುಟದ ಮೇಲೆ ಸಂಪುಟ.

ಹುಡುಗಿಯ ಹೆಸರು ಸಿಂಧು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಪುಸ್ತಕ ಕಂಡರೆ ಊಟ ಬಿಡುತ್ತಾಳೆ. ಅವಳಪ್ಪ ಚನ್ನಪ್ಪನವರದು ಕೊಬ್ಬರಿ ವ್ಯಾಪಾರ. ಮಗಳು ಬಂದ ಗಂಡುಗಳನ್ನೆಲ್ಲ ಬೇಡ ಅನ್ನುತ್ತಾಳೆಂದು ಅಪ್ಪ ರೇಗಿದಾಗ ಅವಳು ಒಂದು ಮಾತು ಕೊಟ್ಟಿದ್ದಳು. ಅದನ್ನು ಈಶ್ವರಯ್ಯ ಬಾಗಿಲಲ್ಲೇ ನಿಂತು ಹೇಳಿಹೋಗಿದ್ದ.

"ಈ ಪುಸ್ತಕ ಓದ್ಕಂಡು ಬಂದು, ಕೇಳಿದ್ಕೆ ಸರಿಯಾಗಿ ಅಭಿಪ್ರಾಯ ಯೋಳೋ ಗಂಡು ಬಂದ್ರೆ ಎದುರುಮಾತಾಡ್ದೆ ಒಪ್ಕತೀನಿ ಅಂದವ್ಳೆ ಕಣಪ್ಪ. ಇದುವರ್ಗೂ ಬಂದೋರೆಲ್ಲ ಚೀಲ ನೋಡೇ ವಾಪಸ್ ಕೊಟ್ಟವ್ರೆ. ನೀನೊಬ್ಬ ಓದಿಬುಡು, ಮದ್ವೆ ಆದಂಗೇಯ."

ಕೀರ್ತಿರಾಜನಿಗೆ ಮೂವತ್ತಾರು. ಹೆಣ್ಣು ನೋಡಲು ಹಾಸನ ಜಿಲ್ಲೆಯ ತಾಲ್ಲೂಕು ತಾಲ್ಲೂಕು ಅಲೆದು ತಿಂದ ಕೇಸರಿಬಾತಿನಿಂದ ಶುಗರ್ ಬರುವ ಲಕ್ಷಣ ಕಾಣಿಸಿತ್ತು, ಹೆಂಡತಿ ಬರುವ ಲಕ್ಷಣ ಕಾಣಿಸಿರಲಿಲ್ಲ. ಇವನಿಗೆ ಒಪ್ಪಿಗೆಯಾದರೆ ಹೆಣ್ಣಿನವರಿಗೆ ಆಗುತ್ತಿರಲಿಲ್ಲ. ಸಿಂಧುವಿನ ಫೋಟೊ ಮಾತ್ರ ಬೇರೆ ಥರ ಇತ್ತು. ಓದುತ್ತಾ ಕೂತಿದ್ದವಳನ್ನು ಯಾರೋ ಕರೆದಾಗ 'ಏನು?' ಎಂದು ತಲೆ ಎತ್ತಿದ ಹಾಗಿದ್ದಳು. ಅದನ್ನು ನೋಡಿದ ದಿನದಿಂದ ಅವನಿಗೆ ಊಟ ಮಾಡುವಾಗಲೂ ನಗು ಬರುತ್ತಿತ್ತು. ಈ ಸಂಬಂಧ ಕೈತಪ್ಪಬಾರದು ಅನ್ನುವ ಆಸೆ ಅವನಲ್ಲಿ ಗಟ್ಟಿಯಾಗಿಯೇ ಇತ್ತು. ಚೀಲ ಬಿಚ್ಚುವಷ್ಟು ಗಟ್ಟಿಯಾಗಿರಲಿಲ್ಲ, ಅಷ್ಟೆ.

ಬೇರೆ ದಾರಿ ಕಾಣದೆ ಚೀಲವನ್ನು ಕಚೇರಿಗೇ ಹೊತ್ತೊಯ್ದ. ಹೊಳೆನರಸೀಪುರದಲ್ಲಿ ಜಮೀನಿನ ಕಾಗದಪತ್ರ ನೋಡುವ ಕಚೇರಿ. ಯಾವುದೆಂದು ಬಿಡಿಸಿ ಹೇಳಿದರೆ ಅವರಿಗೂ ತೊಂದರೆ, ನಮಗೂ ತೊಂದರೆ.

ಅಲ್ಲಿನ ಹಿರಿಯರು ವೆಂಕಟರಾಮಯ್ಯ. ಮುಂದಿನ ವರ್ಷ ರಿಟೈರ್ ಆಗುವವರು. ಎಂಥ ಕಗ್ಗಂಟಿನ ಫೈಲಾದರೂ ಕಾಫಿ ಮುಗಿಯುವುದರೊಳಗೆ ಸಾರಾಂಶ ಹೇಳುತ್ತಿದ್ದರು. ಸಂಗತಿ ಕೇಳಿ ಅವರು ಕನ್ನಡಕ ಒರೆಸಿಕೊಂಡರು.

"ಒಬ್ಬನೇ ಇಷ್ಟು ಓದೋಕಾಗತ್ತೇನಯ್ಯ? ಕೆಲಸ ಹಂಚು. ನಾವೇನು ಇವತ್ತು ನೆನ್ನೆ ಹಂಚಿಕೊಂಡು ಮಾಡ್ತಿದೀವಾ? ದಪ್ಪದ್ದು ನನಗೆ ಕೊಡು. ಸ್ನೇಹಲತಾಗೆ ಮಧ್ಯದವು ಕೊಡು. ಮೊದಲನೇದು ನೀನು ನೋಡು."

"ಕೊನೇದು ನಂಗೆ ಕೊಡಿ ಸಾ," ಎಂದು ದೇವರಾಜು ಕೈಚಾಚಿದ. ಅವನು ಕಚೇರಿಯ ಜೀಪ್ ಡ್ರೈವರು. ಕೀರ್ತಿರಾಜನ ಜೊತೆ ತನ್ನ ಭಾವಮೈದುನನ ಕಾರು ತೆಗೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋಗುವವನೂ ಅವನೇ. "ಚಿತ್ರ ಅದೆಯಲ್ಲ, ಸಾಕು. ಕೊನೇದು ನೋಡುದ್ರೆ ಯಾರ್ಗೆ ಯಾರು ಅಂತ ಗೊತ್ತಾಗೋಯ್ತದೆ."

ಕಚೇರಿ ಓದಲು ಕೂತಿತು. ಅಷ್ಟು ನಿಶ್ಶಬ್ದವಾಗಿ ಆ ಕಚೇರಿ ಹಿಂದೆಂದೂ ಇದ್ದದ್ದಿಲ್ಲ. ಮೇಲಿನವರು ಯಾರಾದರೂ ತಪಾಸಣೆಗೆ ಬಂದಿದ್ದರೆ ಎಲ್ಲರಿಗೂ ಒಳ್ಳೆ ವರದಿ ಸಿಗುತ್ತಿತ್ತು.

ಮೊದಲು ಬಾಯಿಬಿಟ್ಟವರು ವೆಂಕಟರಾಮಯ್ಯ. "ಕೀರ್ತಿ, ಇದು ಕಾದಂಬರಿ ಅಲ್ಲಪ್ಪ, ಶುದ್ಧ ಜಮೀನು ತಕರಾರು. ರಾಜನ ಮಗಳು ಒಬ್ಬಳು, ಚಿಕ್ಕವಳಿದ್ದಾಗ ಕಾಡಲ್ಲಿ ಕಳೆದುಹೋಗಿದಾಳೆ. ರಾಜ ಸತ್ತ. ಚಿಕ್ಕಪ್ಪ ಸಿಂಹಾಸನದ ಮೇಲೆ ಕೂತುಬಿಟ್ಟಿದಾನೆ. ಈಗ ಇವಳಿಗೆ ತಾನು ಯಾರು ಅಂತ ಗೊತ್ತಾಯ್ತು. ಏನು ಮಾಡಬೇಕಿತ್ತು? ವಂಶವೃಕ್ಷ ಹಾಕಿ, ಅಪ್ಪನ ಹೆಸರಿಂದ ತನ್ನ ಹೆಸರಿಗೆ ಪೌತಿ ಖಾತೆ ಮಾಡಿಕೊಡಿ ಅಂತ ಒಂದು ಅರ್ಜಿ ಕೊಟ್ಟಿದ್ರೆ ಆಗಿಹೋಗ್ತಿತ್ತು. ಅದು ಬಿಟ್ಟು ಕತ್ತಿ ಹಿಡ್ಕೊಂಡು ಹೊರಟಿದಾಳೆ ಮಹಾತಾಯಿ!"

ಪಹಣಿಗೆಂದು ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಅಜ್ಜನೊಬ್ಬ ತಲೆ ಒಳಗೆ ಹಾಕಿದ. "ಆ ಮಗೀದೂ ಪೌತಿ ಖಾತೆ ಆಗಿಲ್ವಾ ಸಾ? ನಂದೂ ಆಗಿಲ್ಲ. ಚಿಕ್ಕಪ್ಪನೇ ಕೂತವ್ನೆ. ಕತ್ತಿ ಇಡ್ಕಂಡ್ರೆ ಆಯ್ತದಾ ಎಂಗೆ?"

"ನಿಂದು ಸೋಮವಾರ ನೋಡೋಣ ಯಜಮಾನ," ಎಂದು ವೆಂಕಟರಾಮಯ್ಯ ಪುಟ ತಿರುವಿದರು. "ಇನ್ನು ಈ ರೆಕ್ಕೆ ಇರೋ ರಾಜಕುಮಾರ. ಸಾವಿರ ವರ್ಷ ವಯಸ್ಸಂತೆ. ಇವಳಿಗೆ ಇನ್ನೂ ಓಟಿನ ಹಕ್ಕೂ ಬಂದಿಲ್ಲ. ಇಷ್ಟೊತ್ತಿಗೆ ಪಿಂಚಣಿ ತಗೊಂಡು ಮೂಲೇಲಿ ಕೂರಬೇಕಾದೋನು ಬಂದು ಲವ್ ಮಾಡ್ತಿದಾನೆ. ನನ್ನ ಅಭಿಪ್ರಾಯ ಕೇಳಿದ್ರೆ ಅವನ ಮೇಲೆ ಮೊದಲು ಕ್ರಮ ಆಗಬೇಕು."

ಕಂಪ್ಯೂಟರಿನ ಮುಂದೆ ಕೂತಿದ್ದ ಸ್ನೇಹಲತಾಳಿಗೆ ಬೇರೆಯೇ ಸಂಕಟ. "ಸರ್, ಇವರಿಬ್ರೂ ಕೈ ಹಿಡ್ಕೊಳೋದಕ್ಕೆ ಎಷ್ಟು ಸಂಪುಟ ಬೇಕು? ಒಂದು ಪುಸ್ತಕ ಪೂರ್ತಿ ಕೊಡೆ ಕೊಡೋದೋ ಬೇಡವೋ ಅಂತ ಯೋಚನೆ ಮಾಡ್ತಾನೆ. ಇನ್ನೊಂದು ಪುಸ್ತಕ ಪೂರ್ತಿ ಕೊಟ್ಟ ಕೊಡೆ ವಾಪಸ್ ಕೊಡೋದು ಹೆಂಗೆ ಅಂತ ಇವಳು ಯೋಚನೆ ಮಾಡ್ತಾಳೆ. ಇಷ್ಟು ನಿಧಾನ ನಮ್ಮ ಆಫೀಸಲ್ಲೂ ಇಲ್ಲ!"

ಅಷ್ಟು ಹೇಳಿದವಳು ಕಣ್ಣೊರೆಸಿಕೊಂಡು ಮುಂದಿನ ಸಂಪುಟಕ್ಕೆ ಕೈಹಾಕಿದಳು. ಯಾಕಮ್ಮ ಅಳ್ತೀಯ ಎಂದರೆ, "ಕೊಡೆ ವಾಪಸ್ ಕೊಟ್ಟುಬಿಟ್ಲು ಸರ್," ಎಂದಳು.

ಕೀರ್ತಿರಾಜನೂ ತನ್ನ ಪಾಲಿನ ಮೊದಲ ಸಂಪುಟ ಓದಿದ. ಪುಸ್ತಕ ಯಾವ ಕಡೆಯಿಂದ ಶುರು ಅನ್ನುವುದನ್ನು ಸ್ನೇಹಲತಾಳೇ ಬಿಡಿಸಿ ಕೈಗಿಟ್ಟಿದ್ದಳು. ಅದರಲ್ಲಿ ಆ ಹುಡುಗಿಗೆ ಇಬ್ಬರು. ಒಬ್ಬ ಪಕ್ಕದ ಮನೆಯ ಬನ್ ಅಂಗಡಿ ಹುಡುಗ, ಬಾಲ್ಯದ ಗೆಳೆಯ, ಸದಾ ಹಲ್ಲು ಕಿಸಿಯುವವನು. ಇನ್ನೊಬ್ಬ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಕನ್ನಡಕದ ಆಫೀಸರ್. ನೆಟ್ಟಗೆ ಮಾತಾಡಲು ಬಾರದು. ಹೂವು ತಂದರೆ ಕೊಡಲಾರದೆ ಮನೆಗೆ ವಾಪಸ್ ಒಯ್ದು ತಾನೇ ನೀರು ಹಾಕುತ್ತಾನೆ. ಕೀರ್ತಿರಾಜನಿಗೆ ಅವನನ್ನು ಕಂಡು ಕರುಳು ಚುರ್ ಎಂದಿತು. ಪಾಪ, ಈ ಸಲವಾದರೂ ಇವನಿಗೇ ಸಿಗಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಆಗ ಹೊರಗೆ ಜೀಪಿನಲ್ಲಿ ಕೂತು ಓದುತ್ತಿದ್ದ ದೇವರಾಜು ಒಳಗೆ ಬಂದ. ಮುಖದಲ್ಲಿ ಕೇಸು ಗೆದ್ದ ಕಳೆ.

"ಮುಗೀತು ಸಾ. ಮಾತೆಲ್ಲ ಓದ್ಲಿಲ್ಲ, ಇಂಗ್ಲೀಸು. ಚಿತ್ರ ನೋಡುದ್ರೇ ಗೊತ್ತಾಯ್ತದೆ. ಶುರುವಿನಲ್ಲಿ ಅವ್ಳು ಆ ಕನ್ನಡಕದೋನ ಪಕ್ಕ ಮದ್ವೆ ಬಟ್ಟೇಲಿ ನಿಂತವ್ಳೆ. ಆಮೇಕೆ ಅವ್ನು ಅವ್ಳ ಬೆರಳಿಂದ ಉಂಗ್ರ ತೆಗ್ದು ಡಬ್ಬಿಗೆ ಇಟ್ಕತಾನೆ. ಇವ್ಳು ಗಳಗಳ ಅಳ್ತಾಳೆ. ಅಲ್ಲಿಂದ ಓಡ್ತಾಳೆ ಓಡ್ತಾಳೆ, ಬನ್ ಅಂಗ್ಡಿ ಮುಂದೆ ಬಂದು ನಿಂತ್ಕತಾಳೆ. ಅವ್ನು ಬಿಸಿ ಬನ್ ಕೊಡ್ತಾನೆ, ಇಬ್ರೂ ನಗ್ತಾರೆ. ಕತೆ ಕಲಾಸ್."

"ಆಫೀಸರ್ ಏನಾದ?"

"ಅವ್ನ್ ಕತೆ ಯಾರ್ಗೆ ಬೇಕು ಬುಡಿ ಸಾ."

ಕೀರ್ತಿರಾಜನ ಮುಖ ಬಾಡಿತು. "ಅಲ್ಲಾ, ನನಗೆ ಆ ಆಫೀಸರೇ ಸರಿ ಅನ್ನಿಸ್ತಿತ್ತು. ಕೇಳಿದ್ರೆ ಅದನ್ನೇ ಹೇಳೋಣ ಅಂತಿದ್ದೆ."

"ಅಯ್ಯೋ ಸರ್, ಕೆಟ್ಟಿರಿ!" ಸ್ನೇಹಲತಾ ಕುರ್ಚಿ ತಿರುಗಿಸಿದಳು. "ಹುಡುಗೀರು ಯಾವತ್ತಿದ್ರೂ ಬಾಲ್ಯದ ಗೆಳೆಯನ ಕಡೆ. ನೀವು ಹೋಗಿ ಆಫೀಸರ್ ಪರ ಮಾತಾಡಿದ್ರೆ, ಇವನು ನೌಕರಿ ತೋರಿಸೋಕೆ ಬಂದಿದಾನೆ ಅಂದ್ಕೋತಾಳೆ. ಬನ್ ಅಂಗಡಿಯವನ ಪರ ನಿಂತ್ಕೊಳಿ. ಜೋರಾಗಿ ನಿಂತ್ಕೊಳಿ."

ವೆಂಕಟರಾಮಯ್ಯ ಕೊನೆಯ ಮಾತು ಹೇಳಿದರು. "ಎದುರುಪಾರ್ಟಿಗೆ ಏನು ಬೇಕೋ ಅದನ್ನ ಹೇಳಬೇಕು. ನಿನ್ನ ಸ್ವಂತ ಅಭಿಪ್ರಾಯ ಯಾರಿಗೆ ಬೇಕಯ್ಯ?"

ಅರ್ಧ ದಿನ ರಜೆ ಹಾಕಿ, ತಾಯಿ ಪುಟ್ಟತಾಯಮ್ಮನನ್ನು ಹತ್ತಿಸಿಕೊಂಡು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಕೀರ್ತಿರಾಜ್ ಬನ್ ಅಂಗಡಿಯ ಪರ ವಾದವನ್ನು ಬಾಯಿಪಾಠ ಮಾಡಿದ. ಪುಟ್ಟತಾಯಮ್ಮ ಹಿಂದಿನ ಸೀಟಿನಿಂದ, "ಯಾರ್ದ್ಲಾ ಅದು ಬನ್ ಅಂಗ್ಡಿ? ನೀನು ಕೆಲ್ಸ ಬುಡ್ತೀಯಾ?" ಎಂದು ಎರಡು ಸಲ ಗಾಬರಿಯಾದರು.

ಚನ್ನಪ್ಪನವರ ಮನೆಯ ಅಂಗಳದಲ್ಲಿ ಕೊಬ್ಬರಿ ಚೀಲ ಒಟ್ಟಿದ್ದವು. ಈಶ್ವರಯ್ಯ ಆಗಲೇ ಬಂದು ಸೋಫಾದ ಒಳ್ಳೆ ಜಾಗ ಹಿಡಿದಿದ್ದ. ಚನ್ನಪ್ಪನವರು, "ಬನ್ನಿ ಸಾ, ಕುಂತ್ಕಳಿ ಸಾ," ಎಂದು ಎರಡೂ ಕೈ ಜೋಡಿಸಿದರು. ಜಮೀನಿನ ಕಾಗದ ನೋಡುವ ನೌಕರ ಎಂದರೆ ಅವರಿಗೆ ಹುಟ್ಟಿನಿಂದ ಭಯಭಕ್ತಿ. ಅಂಥವನು ಅಳಿಯನಾಗಿ ಬಂದರೆ ಮುಂದೆ ಯಾರಿಗೂ ಕೈಮುಗಿಯಬೇಕಾಗಿಲ್ಲ ಎಂಬ ಲೆಕ್ಕವೂ ಇತ್ತು. ದೇವರಾಜು ಕಾರಿನ ಹತ್ತಿರವೇ ಉಳಿದು ಕಿಟಕಿಯ ಕಡೆ ಕಣ್ಣಿಟ್ಟ.

ಸಿಂಧು ಕಾಫಿ ತಂದಳು. ಫೋಟೊದ ಹಾಗೇ ಇದ್ದಳು. ಕಾಫಿ ಕೊಟ್ಟು ಒಳಗೆ ಹೋಗಲಿಲ್ಲ, ಎದುರಿನ ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು.

"ಪುಸ್ತಕ ಓದಿದ್ರಾ?"

"ಓದಿದೆ," ಎಂದ ಕೀರ್ತಿರಾಜ್.

"ಆ ದಪ್ಪ ಕಾದಂಬರಿ ಬಗ್ಗೆ ಏನನ್ನಿಸ್ತು?"

ಅವನು ವೆಂಕಟರಾಮಯ್ಯನವರನ್ನು ನೆನೆದು ಶುರುಮಾಡಿದ. ಚಿಕ್ಕಪ್ಪನ ಒತ್ತುವರಿ, ವಂಶವೃಕ್ಷ, ಪೌತಿ ಖಾತೆ, ಸಾವಿರ ವರ್ಷದವನ ಪಿಂಚಣಿ, ಒಂದೂ ಬಿಡಲಿಲ್ಲ. ಸಿಂಧು ಮೊದಲು ಕಣ್ಣರಳಿಸಿದಳು, ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದಳು, ಕೊನೆಗೆ ತಡೆಯಲಾರದೆ ಜೋರಾಗಿ ನಕ್ಕಳು. ಆ ನಗು ಕೇಳಿ ಕೀರ್ತಿರಾಜನಿಗೆ ಎದೆಯೊಳಗೆ ಫ್ಯಾನು ಹಾಕಿದ ಹಾಗಾಯಿತು.

"ನಾನೂ ಅದನ್ನೇ ಅಂತೀನಿ," ಎಂದಳು ಅವಳು. "ಇವುಗಳಲ್ಲಿ ಹುಡುಗೀಗೆ ಇಡೀ ಪ್ರಪಂಚ ಉಳಿಸೋ ಕೆಲಸ ಕೊಡ್ತಾರೆ. ಮದುವೆ ಅಂತ ಬಂದ್ರೆ ಮಾತ್ರ ಒಬ್ಬ ರಾಜಕುಮಾರನ್ನ ತಂದು ನಿಲ್ಲಿಸ್ತಾರೆ. ಇಷ್ಟೆಲ್ಲಾ ಯುದ್ಧ ಮಾಡಿದೋಳಿಗೆ ತನಗೆ ಯಾರು ಬೇಕು ಅನ್ನೋದು ಗೊತ್ತಿರಲ್ವಾ? ಒಂದು ಪುಸ್ತಕದಲ್ಲೂ ಅವಳು ಕುದುರೆ ಕಾಯೋನನ್ನ ಮದುವೆಯಾಗಲ್ಲ."

ಚನ್ನಪ್ಪನವರಿಗೆ ಪುಸ್ತಕ ಅರ್ಥವಾಗಲಿಲ್ಲ, ಮಗಳು ನಕ್ಕದ್ದು ಅರ್ಥವಾಯಿತು. ಅವರು ಈಶ್ವರಯ್ಯನ ತೊಡೆ ತಟ್ಟಿದರು. ಪುಟ್ಟತಾಯಮ್ಮ ಮನಸ್ಸಿನಲ್ಲೇ ಒಡವೆ ಯಾವುದು ಹಾಕುವುದೆಂದು ಯೋಚಿಸಲು ಶುರುಮಾಡಿದರು.

"ಇನ್ನೊಂದೇ ಪ್ರಶ್ನೆ," ಎಂದಳು ಸಿಂಧು. ಈಗ ನಗು ನಿಂತಿತ್ತು. "ಆ ಚಿತ್ರದ ಪುಸ್ತಕ. ಕೊನೇಲಿ ಅವಳು ಮಾಡಿದ್ದು ಸರೀನಾ?"

"ನೂರಕ್ಕೆ ನೂರು ಸರಿ!"

ಸಿಂಧುವಿನ ಮುಖ ಇಳಿಯಿತು. "ಸರಿ ಅಂತೀರಾ. ಯಾಕೆ?"

"ಮತ್ತೆ? ಆ ಆಫೀಸರ್ ಎಷ್ಟು ಒಳ್ಳೇವನಾದ್ರೇನು, ನಿನ್ನೆ ಮೊನ್ನೆ ಬಂದೋನು. ಉಂಗುರ ವಾಪಸ್ ಕೊಟ್ಟು ಬನ್ ಅಂಗಡಿಯವನ ಹತ್ರ ಓಡಿ ಬಂದ್ಲಲ್ಲ, ಅಲ್ಲಿ ನನಗೆ ಕಣ್ಣಲ್ಲಿ ನೀರು ಬಂತು."

ಸಿಂಧು ಅವನನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ದೀಪ ಹಚ್ಚಿದ ಹಾಗೆ ಹೊಳೆದವು. ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಇನ್ನೊಂದು ಸಲ ಹೇಳಿ ಸರ್. ಅಪ್ಪಂಗೂ ಕೇಳೋ ಹಾಗೆ ಹೇಳಿ."

ಅಷ್ಟು ಪ್ರೋತ್ಸಾಹ ಕೀರ್ತಿರಾಜನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕಾಫಿ ಲೋಟ ಕೆಳಗಿಟ್ಟು ಚನ್ನಪ್ಪನವರ ಕಡೆ ತಿರುಗಿದ. ಒಬ್ಬ ಹುಡುಗಿ, ಇಬ್ಬರು ಗಂಡುಗಳು ಎಂದು ಕತೆಯನ್ನು ಚಿಕ್ಕದಾಗಿ ಹೇಳಿದ.

ಚನ್ನಪ್ಪನವರು ಹುಬ್ಬುಗಂಟಿಕ್ಕಿದರು. "ಅಲ್ಲ ಸಾ, ಆಫೀಸರ್‌ನ ಬುಟ್ಟು ಅಂಗ್ಡಿಯೋನ್ಗೆ ಕೊಡೋದಾ? ಜನ ನಗಲ್ವಾ?"

"ಜನ ಬಂದು ಸಂಸಾರ ಮಾಡ್ತಾರಾ?" ಕೀರ್ತಿರಾಜ್ ಏರಿದ. "ನೌಕರಿ ನೌಕರಿ ಅಂತೀರಿ. ಅದರಲ್ಲಿ ಏನಿದೆ? ನನ್ನನ್ನೇ ನೋಡಿ. ಇವತ್ತು ಹೊಳೆನರಸೀಪುರ, ನಾಳೆ ಎತ್ತಿ ಬೀದರ್‌ಗೆ ಹಾಕಿದ್ರೂ ಹಾಕಿದ್ರೇ. ಮಗಳ ಮುಖ ನೋಡೋಕೆ ನೀವು ರೈಲು ಹತ್ತಬೇಕು. ಅಂಗಡಿಯವನು ಹಂಗಲ್ಲ. ಊರಲ್ಲೇ ಇರ್ತಾನೆ. ಮಗಳು ಕಣ್ಣೆದುರೇ ಇರ್ತಾಳೆ. ಸ್ಕೂಲಿನಿಂದ ಜೊತೇಲಿ ಬೆಳೆದೋನು, ಅವಳಿಗೆ ಹುಷಾರಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಓಡಿಬರ್ತಾನೆ. ನಾವು ರಜೆ ಅರ್ಜಿ ಬರ್ಕೊಂಡು ಕೂತಿರ್ತೀವಿ."

"ಅಪ್ಪ ಅನ್ನಿಸ್ಕೊಂಡೋನು ಒಪ್ಪದೆ ಹೋದ್ರೆ?" ಎಂದಳು ಸಿಂಧು ಮೆಲ್ಲಗೆ.

"ಒಳ್ಳೇ ಅಪ್ಪ ಆದ್ರೆ ಒಪ್ತಾನೆ," ಎಂದು ಕೀರ್ತಿರಾಜ್ ಟೀಪಾಯಿ ಗುದ್ದಿದ. "ಮಗಳ ಕಣ್ಣೀರಿನ ಮೇಲೆ ಆಫೀಸರ್ ಅಳಿಯನ್ನ ಕೂರಿಸ್ಕೊಂಡು ಏನು ಮಾಡ್ತೀರಿ? ಅವನೇನು ಸುಖವಾಗಿರ್ತಾನಾ?"

ಅಡುಗೆಮನೆಯ ಬಾಗಿಲ ಹಿಂದಿನಿಂದ ಸಿಂಧುವಿನ ತಾಯಿ ಮೂಗೊರೆಸಿಕೊಂಡ ಸದ್ದು ಕೇಳಿತು. ಪುಟ್ಟತಾಯಮ್ಮನೂ ಸೆರಗಿನಿಂದ ಕಣ್ಣೊತ್ತಿಕೊಂಡರು. ಮಗ ಹೀಗೆ ಮಾತಾಡಬಲ್ಲ ಎಂದು ಅವರಿಗೇ ಗೊತ್ತಿರಲಿಲ್ಲ.

ಸಿಂಧು ಎದ್ದು ಬಂದು ಅಪ್ಪನ ಕಾಲ ಬಳಿ ಕೂತಳು.

"ಅಪ್ಪಾ, ಕೇಳಿಸ್ಕೊಂಡ್ಯಾ? ನಾನು ಹೇಳಿದ್ರೆ ಹುಡುಗಾಟ ಅಂತಿದ್ದೆ. ಈಗ ಸರ್ಕಾರಿ ನೌಕರಿಯವರೇ ಬಂದು ಹೇಳ್ತಿದಾರೆ. ಅಭಿಷೇಕೂ ನಾನೂ ಏಳನೇ ಕ್ಲಾಸಿನಿಂದ ಜೊತೇಲಿ ಓದಿದೋರು. ಅವನದು ಝೆರಾಕ್ಸ್ ಅಂಗಡಿ ಅನ್ನೋದು ಬಿಟ್ರೆ ಬೇರೆ ಏನು ತಪ್ಪಿದೆ ಹೇಳು."

ಕೀರ್ತಿರಾಜ್ ಬಾಯಿ ತೆರೆದ. ಏನೋ ಹೇಳಲು ಹೊರಟ. ಆದರೆ ಹೇಳುವುದೆಲ್ಲ ಆಗಲೇ ಹೇಳಿಯಾಗಿತ್ತು.

ಚನ್ನಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು, "ಕಣ್ಮುಂದೇನೇ ಇರ್ತೀಯಲ್ಲ ಮಗಾ, ಅಷ್ಟು ಸಾಕು ಕಣವ್ವ," ಎಂದರು. ಕೀರ್ತಿರಾಜನ ಕಡೆ ತಿರುಗಿದರು. "ಸಾ, ನನ್ ಕಣ್ಣು ತೆರುಸ್ಬುಟ್ರಿ. ನಿಮ್ಮಂತ ದೊಡ್ ಮನ್ಸಿನೋರ್ನ ನಾ ನೋಡಿಲ್ಲ. ಲೇ, ಸಕ್ಕರೆ ತತ್ತಾ!"

ತಟ್ಟೆಯಲ್ಲಿ ಸಕ್ಕರೆ ಬಂತು. ಚನ್ನಪ್ಪನವರು ಮೊದಲನೆಯ ಚಿಟಿಕೆಯನ್ನು ತಮ್ಮ ಕೈಯಾರೆ ಕೀರ್ತಿರಾಜನ ಬಾಯಿಗೇ ಹಾಕಿದರು. ಈಶ್ವರಯ್ಯ ಮಾತ್ರ ಸಕ್ಕರೆ ಮುಟ್ಟಲಿಲ್ಲ. ಝೆರಾಕ್ಸ್ ಅಂಗಡಿಯವನಿಂದ ಕಮಿಷನ್ ಹೇಗೆ ಕೇಳುವುದೆಂದು ಅವನಿಗೆ ಹೊಳೆಯುತ್ತಿರಲಿಲ್ಲ.

ಗೇಟಿನವರೆಗೂ ಸಿಂಧುವೇ ಬಂದಳು. ಪುಟ್ಟತಾಯಮ್ಮ ಕಾರಿನೊಳಗೆ ಕೂತ ಮೇಲೆ ಮೆಲ್ಲಗೆ ಹೇಳಿದಳು.

"ಸರ್, ನೀವು ಒಳ್ಳೇವ್ರು, ಅದಕ್ಕೇ ಹೇಳಿಬಿಡ್ತೀನಿ. ಕೊನೇ ಸಂಪುಟ ನೀವು ಓದಿಲ್ಲ ಅಲ್ವಾ? ಯಾರೋ ಎಡಗಡೆಯಿಂದ ತಿರುವಿ ನಿಮಗೆ ಹೇಳಿದಾರೆ. ಜಪಾನಿನೋರ ಪುಸ್ತಕ ಬಲಗಡೆಯಿಂದ ಓದಬೇಕು. ಅವಳು ಬನ್ ಅಂಗಡಿಯವನಿಗೆ ಹೋಗಿಬರ್ತೀನಿ ಅಂತ ಹೇಳಿ, ಓಡಿಹೋಗಿ, ಉಂಗುರ ಹಾಕಿಸ್ಕೊಂಡು ಆ ಆಫೀಸರ್‌ನೇ ಮದುವೆಯಾಗ್ತಾಳೆ."

"ಆಫೀಸರ್‌ನೇ?"

"ಹೂಂ. ಅಷ್ಟು ಜನ ಓದುಗರಿದ್ದಾರಲ್ಲ, ಎಲ್ಲರೂ ಅದನ್ನ ಬೈತಾರೆ. ನಾನೂ ಬೈತೀನಿ. ನೂರಕ್ಕೆ ನೂರು ಸರಿ ಅಂದ್ರಲ್ಲ, ನನ್ನ ಎದೆ ಧಸಕ್ ಅಂತು. ಆಫೀಸರ್ ಎಷ್ಟು ಒಳ್ಳೇವನು ಅಂತ ನೀವು ನಾಲ್ಕು ಮಾತು ಸರಿಯಾಗಿ ಹೇಳಿದ್ದಿದ್ರೆ, ಅಪ್ಪನಿಗೆ ಕೊಟ್ಟ ಮಾತಿಗೆ ತಲೆ ಬಗ್ಗಿಸಿ ನಿಮ್ಮನ್ನ ಒಪ್ಕೋಬೇಕಾಗಿತ್ತು."

ಹೂವಿಗೆ ತಾನೇ ನೀರು ಹಾಕುವ ಆ ಕನ್ನಡಕದವನ ಬಗ್ಗೆ ಕೀರ್ತಿರಾಜನ ಬಳಿ ನಾಲ್ಕಲ್ಲ, ನಲವತ್ತು ಮಾತಿದ್ದವು. ಎಲ್ಲವನ್ನೂ ನುಂಗಿಕೊಂಡು, "ಒಳ್ಳೇದಾಗಲಿ," ಎಂದು ಕಾರು ಹತ್ತಿದ. ಬಾಯಿ ಇನ್ನೂ ಸಿಹಿಯಾಗಿತ್ತು.

ದೇವರಾಜು ಹಲ್ಲೆಲ್ಲ ತೋರಿಸುತ್ತಾ ಗಾಡಿ ಸ್ಟಾರ್ಟ್ ಮಾಡಿದ. "ಕಿಟ್ಕೀಲಿ ನೋಡ್ದೆ ಸಾ, ಮಾವ ಸಕ್ಕರೆ ಬಾಯಿಗಾಕಿದ್ದು! ಆಗ್ಲೇ ಆಫೀಸಿಗೆ ಫೋನ್ ಮಾಡ್ಬುಟ್ಟೆ."

ಕೀರ್ತಿರಾಜ್ ಫೋನ್ ತೆಗೆದ. ಕಚೇರಿಯ ಗುಂಪಿನಲ್ಲಿ ಅಭಿನಂದನೆಗಳು ಸಾಲುಗಟ್ಟಿದ್ದವು. ಸ್ನೇಹಲತಾ ಹೂಗುಚ್ಛದ ಚಿತ್ರ ಹಾಕಿದ್ದಳು. ಕೆಳಗೆ ವೆಂಕಟರಾಮಯ್ಯನವರು, ಇಡೀ ಸರ್ವೀಸಿನಲ್ಲಿ ಮೊದಲ ಬಾರಿಗೆ ಕೇಳಿದ ದಿನಕ್ಕಿಂತ ಮುಂಚೆಯೇ ಒಂದು ಕೆಲಸ ಮುಗಿಸಿದ್ದರು: 'ಚಿ. ಕೀರ್ತಿರಾಜ್ ಮದುವೆಗೆ ರಜೆ, ಮೌಖಿಕವಾಗಿ ಮಂಜೂರು.'

ಅದನ್ನು ರದ್ದು ಮಾಡಿ ಎಂದು ಬರೆಯಲು ಅವನು ಬೆರಳು ಇಡುವಷ್ಟರಲ್ಲಿ ಚನ್ನಪ್ಪನವರ ಕರೆ ಬಂತು.

"ಸಾ, ಈಗ ತಾನೇ ಅಭಿಷೇಕ್‌ಗೆ ಫೋನ್ ಮಾಡ್ದೆ. ಹುಡುಗ ಅತ್ತೇಬುಟ್ಟ. ನಮ್ಮ ಕಡೆ ಜನ ಏನಾದ್ರೂ ಅಂದ್ರೆ ಬಾಯಿ ಮುಚ್ಚುಸೋಕೆ ನೀವೇ ಬೇಕು. ಮದ್ವೇಲಿ ಮುಂದೆ ನಿಂತು ಎಲ್ಲಾ ನೀವೇ ನಡುಸ್ಕೊಡ್ಬೇಕು. ಒಂದ್ ವಾರ ರಜೆ ಸಿಗ್ತದಾ ಸಾ?"

ಕೀರ್ತಿರಾಜ್ ಕಿಟಕಿಯ ಹೊರಗೆ ನೋಡುತ್ತಾ, "ಆಗಲೇ ಸಿಕ್ಕಿದೆ," ಎಂದ.